ಬಸಿರಿನ ಶುಗರ್, ಬಿಪಿ, ರಕ್ತಹೀನತೆ: ಮಗುವಿನ ಮುಂದಿನ ಆರೋಗ್ಯಕ್ಕೆ ಏನು ಸಂಬಂಧ?

ಗರ್ಭಿಣಿಗೆ ಬರುವ ಮಧುಮೇಹ, ರಕ್ತದೊತ್ತಡ, ರಕ್ತಹೀನತೆ, ಥೈರಾಯ್ಡ್ ಕೊರತೆ ಮತ್ತು ಕೆಲವು ಸೋಂಕುಗಳ ಪರಿಣಾಮ ಹೆರಿಗೆಯ ದಿನಕ್ಕೆ ಮುಗಿಯುವುದಿಲ್ಲ. ಹೊಟ್ಟೆಯಲ್ಲಿರುವ ಕೂಸಿನ ಅಂಗಾಂಗಗಳು ತಾಯಿಯ ರಕ್ತದಲ್ಲಿ ಸಿಕ್ಕುವುದನ್ನು ನೆಚ್ಚಿ ಬೆಳೆಯುತ್ತವೆ. ಹಾಗೆ ಬೆಳೆಯುವ ಅವಧಿ ಒಂದೊಂದು ಅಂಗಕ್ಕೂ ಬೇರೆ, ಮತ್ತು ಅದು ಒಮ್ಮೆ ಕಳೆದರೆ ಮತ್ತೆ ಬರುವುದಿಲ್ಲ. ಮೂತ್ರಪಿಂಡದಲ್ಲಿ ರಕ್ತ ಸೋಸುವ ನೆಫ್ರಾನ್‌ಗಳು ಸುಮಾರು 36ನೇ ವಾರದ ಹೊತ್ತಿಗೆ ತಯಾರಾಗಿ ಮುಗಿಯುತ್ತವೆ. ಅಲ್ಲಿಂದ ಮುಂದೆ ಜೀವಮಾನದಲ್ಲಿ ಒಂದೂ ಹೊಸದಾಗಿ ಹುಟ್ಟುವುದಿಲ್ಲ. ಮೆದುಳು, ಬೆನ್ನುಹುರಿಯಾಗುವ ನರಕೊಳವೆ ಗರ್ಭ ಕಟ್ಟಿದ 28 ದಿನಗಳೊಳಗೆ ಮುಚ್ಚಿಕೊಳ್ಳುತ್ತದೆ. ಎಷ್ಟೋ ಹೆಣ್ಣುಮಕ್ಕಳಿಗೆ ತಾವು ಬಸಿರಾಗಿರುವುದೇ ಆಗ ಗೊತ್ತಿರುವುದಿಲ್ಲ. ಕೂಸು ಬೆಳೆಯುವ ಈ ತಿಂಗಳುಗಳಲ್ಲಿ ಸಕ್ಕರೆ ಅತಿಯಾದರೆ, ಕಬ್ಬಿಣ ಕಡಿಮೆಯಾದರೆ, ಮಾಸಿಗೆ (ಪ್ಲಾಸೆಂಟಾ) ರಕ್ತ ಸಾಲದೆ ಹೋದರೆ ದೇಹ ಅದಕ್ಕೆ ಹೊಂದಿಕೊಂಡೇ ರೂಪುಗೊಳ್ಳುತ್ತದೆ. ಆ ಹೊಂದಾಣಿಕೆಯ ಬೆಲೆ ಹತ್ತು, ನಲವತ್ತು, ಅರವತ್ತನೆಯ ವಯಸ್ಸಿನಲ್ಲಿ ತೂಕ, ರಕ್ತದೊತ್ತಡ, ಸಕ್ಕರೆ ಕಾಯಿಲೆ, ಹೃದಯದ ತೊಂದರೆಯಾಗಿ ಕಾಣಿಸಿಕೊಳ್ಳಬಹುದು.

ಇದು ಅಪಾಯದ ಲೆಕ್ಕ ಮಾತ್ರ, ಹಣೆಬರಹವಲ್ಲ. ಬಸಿರಿನಲ್ಲಿ ಶುಗರ್ ಇದ್ದ ತಾಯಂದಿರ ಬಹುಪಾಲು ಮಕ್ಕಳು ಆರೋಗ್ಯವಾಗಿಯೇ ಬೆಳೆಯುತ್ತಾರೆ. ತಾಯಿಯನ್ನು ದೂರಲು ಈ ತಿಳಿವಳಿಕೆ ಬಳಕೆಯಾಗಬಾರದು, ಏಕೆಂದರೆ ಮನೆಯ ಊಟ, ಬಿಸಿಲಿನ ದುಡಿಮೆ, ಚಿಕ್ಕ ವಯಸ್ಸಿನ ಮದುವೆ, ತಪಾಸಣೆಗೆ ಕರೆದೊಯ್ಯುವವರಿಲ್ಲದಿರುವುದು ಇವೆಲ್ಲ ಅವಳೊಬ್ಬಳ ಕೈಯಲ್ಲಿಲ್ಲ. ಕಲಬುರಗಿ ಕೋಟೆಯ ಸುತ್ತಲಿನ ಓಣಿಗಳಲ್ಲಾಗಲಿ, ಹುಮನಾಬಾದ್ ರಸ್ತೆಯ ಕಮಲಾಪುರದಲ್ಲಾಗಲಿ, ಅದರ ಸುತ್ತಲಿನ ತಾಂಡಾಗಳಲ್ಲಾಗಲಿ ಇಡೀ ಮನೆ ತಿಳಿದು ಮಾಡಬೇಕಾದ ಕೆಲಸವಿದು.

ಮೈಸೂರಿನ ದಾಖಲೆಗಳು ಹೇಳಿದ್ದು

ಈ ಸಂಬಂಧ ಜಗತ್ತಿನ ಗಮನಕ್ಕೆ ಬಂದದ್ದು ಇಂಗ್ಲೆಂಡಿನ ಸೌತಾಂಪ್ಟನ್ನಿನ ವೈದ್ಯ ಡೇವಿಡ್ ಬಾರ್ಕರ್ 1980ರ ದಶಕದಲ್ಲಿ ನಡೆಸಿದ ಕೆಲಸದಿಂದ. ಹುಟ್ಟುವಾಗ ಕಡಿಮೆ ತೂಕವಿದ್ದವರಲ್ಲಿ ಮುಂದೆ ಹೃದಯಾಘಾತದ ಸಾವು ಹೆಚ್ಚು ಎಂದು ಹಳೆಯ ಹೆರಿಗೆ ದಾಖಲೆಗಳಿಂದ ಅವರು ತೋರಿಸಿದರು. ಅದೇ ಪ್ರಶ್ನೆಗೆ ಭಾರತದಲ್ಲಿ ಉತ್ತರ ಸಿಕ್ಕ ಊರುಗಳಲ್ಲಿ ಮೈಸೂರು ಮುಖ್ಯವಾದುದು. ಅಲ್ಲಿನ ಮಿಷನ್ ಆಸ್ಪತ್ರೆ ಎಂದೇ ಜನ ಕರೆಯುವ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ 1934ರಿಂದ ಹುಟ್ಟಿದ ಪ್ರತಿ ಮಗುವಿನ ತೂಕ, ಉದ್ದ, ತಲೆಯ ಸುತ್ತಳತೆಯನ್ನು ಬರೆದಿಟ್ಟಿದ್ದರು. ದಶಕಗಳ ನಂತರ ಸಂಶೋಧಕರು ಆ ಪುಸ್ತಕಗಳನ್ನು ಹಿಡಿದು, ಅಲ್ಲಿ ಹುಟ್ಟಿ ಇನ್ನೂ ಆಸುಪಾಸಿನಲ್ಲೇ ಇದ್ದ ನಡುವಯಸ್ಸಿನವರನ್ನು ಹುಡುಕಿ ಪರೀಕ್ಷಿಸಿದರು. 1996ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಎರಡೂವರೆ ಕಿಲೋ ಅಥವಾ ಅದಕ್ಕಿಂತ ಕಡಿಮೆ ತೂಕದಲ್ಲಿ ಹುಟ್ಟಿದವರಲ್ಲಿ ನೂರಕ್ಕೆ 11 ಮಂದಿಗೆ ಹೃದಯದ ರಕ್ತನಾಳದ ಕಾಯಿಲೆ ಇತ್ತು. 3.1 ಕಿಲೋ ಮೇಲ್ಪಟ್ಟು ಹುಟ್ಟಿದವರಲ್ಲಿ ಅದು ನೂರಕ್ಕೆ 3 ಮಾತ್ರ.

ಸಕ್ಕರೆ ಕಾಯಿಲೆಯ ವಿಷಯದಲ್ಲಿ ಅದೇ ದಾಖಲೆಗಳು ಬೇರೆಯದೇ ಚಿತ್ರ ಕೊಟ್ಟವು. ಗಿಡ್ಡವಾಗಿ, ಉದ್ದಕ್ಕೆ ಹೋಲಿಸಿದರೆ ದಪ್ಪವಾಗಿ ಹುಟ್ಟಿದ್ದವರಲ್ಲಿ, ಅದರಲ್ಲೂ ತಾಯಿಯ ತೂಕ ಹೆಚ್ಚಿದ್ದವರಲ್ಲಿ ಮಧುಮೇಹ ಜಾಸ್ತಿ ಕಂಡಿತು. ತಾಯಂದಿರಿಗೇ ಗುರುತಿಸದ ಸಕ್ಕರೆ ಇದ್ದಿರಬಹುದು ಎಂಬ ಅನುಮಾನ ಅಲ್ಲಿಂದ ಹುಟ್ಟಿತು. ಅದನ್ನು ನೇರವಾಗಿ ನೋಡಲು ಅದೇ ಆಸ್ಪತ್ರೆಯಲ್ಲಿ 1997–98ರಲ್ಲಿ 830 ಗರ್ಭಿಣಿಯರನ್ನು ಸೇರಿಸಿಕೊಂಡು ಮೈಸೂರು ಪಾರ್ಥೆನಾನ್ ಅಧ್ಯಯನ ಶುರುವಾಯಿತು. ಅವರಲ್ಲಿ ನೂರಕ್ಕೆ ಸುಮಾರು ಆರು ಮಂದಿಗೆ ಗರ್ಭಾವಸ್ಥೆಯ ಮಧುಮೇಹ ಇತ್ತು. ಅವರ ಮಕ್ಕಳನ್ನು ವರ್ಷವರ್ಷವೂ ಕರೆಸಿ ಅಳೆದಾಗ, ಐದನೇ ವಯಸ್ಸಿಗೇ ಹೆಣ್ಣುಮಕ್ಕಳಲ್ಲಿ ಮೈಕೊಬ್ಬು ಮತ್ತು ರಕ್ತದ ಇನ್ಸುಲಿನ್ ಏರಿದ್ದು ಕಂಡಿತು. ಒಂಬತ್ತೂವರೆ ವಯಸ್ಸಿನ ಹೊತ್ತಿಗೆ ಇನ್ಸುಲಿನ್‌ಗೆ ದೇಹ ಜಗ್ಗದಿರುವ ಲಕ್ಷಣ ಇನ್ನೂ ಸ್ಪಷ್ಟವಾಯಿತು. ಆ ಮಕ್ಕಳ್ಯಾರಿಗೂ ಕಾಯಿಲೆಯೆಂದು ಹೇಳುವಂಥದ್ದು ಆಗ ಕಾಣುತ್ತಿರಲಿಲ್ಲ. ತಪಾಸಣೆ ಮಾಡಿದ್ದರಿಂದಲೇ ಗೊತ್ತಾದದ್ದು.

ಇದು ಬರೀ ವಂಶದ ಗುಣವಲ್ಲವೇ ಎಂಬ ಪ್ರಶ್ನೆ ಸಹಜ. ಅದಕ್ಕೆ ಅಮೆರಿಕದ ಅರಿಜೋನಾದ ಪೀಮಾ ಸಮುದಾಯದಲ್ಲಿ ಉತ್ತರ ಸಿಕ್ಕಿತು. ಅಲ್ಲಿ ಒಂದೇ ತಾಯಿಯ ಮಕ್ಕಳನ್ನು ಹೋಲಿಸಲಾಯಿತು: ತಾಯಿಗೆ ಸಕ್ಕರೆ ಕಾಯಿಲೆ ಬರುವ ಮೊದಲು ಹುಟ್ಟಿದವರು ಮತ್ತು ಬಂದ ಮೇಲೆ ಹುಟ್ಟಿದವರು. ನಂತರ ಹುಟ್ಟಿದವರಲ್ಲಿ ಬೊಜ್ಜೂ ಮಧುಮೇಹವೂ ಗಣನೀಯವಾಗಿ ಹೆಚ್ಚಿದ್ದವು. ತಂದೆ-ತಾಯಿ ಅವರೇ ಆಗಿರುವಾಗ ವ್ಯತ್ಯಾಸ ಗರ್ಭದೊಳಗಿನ ವಾತಾವರಣದಿಂದಲೇ ಬರಬೇಕು.

ಬಸಿರಿನ ಶುಗರ್

ತಾಯಿಯ ರಕ್ತದ ಸಕ್ಕರೆ ಕರುಳಬಳ್ಳಿಯ ಮೂಲಕ ಕೂಸಿಗೆ ಸಲೀಸಾಗಿ ಹೋಗುತ್ತದೆ, ಆದರೆ ತಾಯಿಯ ಇನ್ಸುಲಿನ್ ಹೋಗುವುದಿಲ್ಲ. ಹೀಗಾಗಿ ಬಂದ ಸಕ್ಕರೆಯನ್ನೆಲ್ಲ ಕೂಸೇ ತನ್ನ ಮೇದೋಜೀರಕ ಗ್ರಂಥಿಯಿಂದ ಇನ್ಸುಲಿನ್ ಸುರಿಸಿ ನಿಭಾಯಿಸಬೇಕಾಗುತ್ತದೆ. ಹೆಚ್ಚು ಇನ್ಸುಲಿನ್ ಎಂದರೆ ಹೆಚ್ಚು ಕೊಬ್ಬು. ಹುಟ್ಟಿದ ಕೂಡಲೇ ತಾಯಿಯ ಸಕ್ಕರೆ ನಿಂತುಹೋಗುತ್ತದೆ, ಕೂಸಿನ ಇನ್ಸುಲಿನ್ ಮಾತ್ರ ಜೋರಾಗಿಯೇ ಇರುತ್ತದೆ. ಆಗ ಮಗುವಿನ ಸಕ್ಕರೆ ಧಡಕ್ಕನೆ ಇಳಿದು ನಡುಕ, ಮಂಕು, ಕೆಲವೊಮ್ಮೆ ಫಿಟ್ಸ್ ಕೂಡ ಬರಬಹುದು. ಆದ್ದರಿಂದ ಇಂಥ ಮಗುವಿಗೆ ಹುಟ್ಟಿದ ಒಂದು ಗಂಟೆಯೊಳಗೆ ಎದೆಹಾಲು ಕುಡಿಸಬೇಕು, ಮೊದಲ ದಿನ ಹಿಮ್ಮಡಿಯಿಂದ ಹನಿ ರಕ್ತ ತೆಗೆದು ಸಕ್ಕರೆ ನೋಡುತ್ತಿರಬೇಕು. ಮೊದಲ ಹಳದಿ ಹಾಲನ್ನು ಹಿಂಡಿ ಚೆಲ್ಲಿ ಜೇನುತುಪ್ಪವನ್ನೋ ಸಕ್ಕರೆ ನೀರನ್ನೋ ನೆಕ್ಕಿಸುವ ರೂಢಿ ಎಲ್ಲ ಮಗುವಿಗೂ ಕೆಟ್ಟದ್ದು, ಈ ಮಗುವಿಗೆ ಇನ್ನೂ ಹೆಚ್ಚು.

ಬಸಿರಿಗೆ ಮೊದಲೇ ಸಕ್ಕರೆ ಕಾಯಿಲೆ ಇದ್ದ ಹೆಣ್ಣುಮಕ್ಕಳ ವಿಷಯ ಬೇರೆ ಮತ್ತು ಹೆಚ್ಚು ಗಂಭೀರ. ಹೃದಯ, ಬೆನ್ನುಹುರಿ ರೂಪುಗೊಳ್ಳುವ ಮೊದಲ ಎಂಟು ವಾರಗಳಲ್ಲೇ ಸಕ್ಕರೆ ಏರಿರುವುದರಿಂದ ಹುಟ್ಟುನ್ಯೂನತೆಯ ಸಾಧ್ಯತೆ ಹೆಚ್ಚುತ್ತದೆ. ಅಂಥವರು ಬಸಿರಾಗುವ ಮುಂಚೆಯೇ ವೈದ್ಯರನ್ನು ಕಂಡು, ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ಎಚ್‌ಬಿಎ1ಸಿ ಪರೀಕ್ಷೆಯನ್ನು 6.5ರ ಒಳಗೆ ತಂದುಕೊಳ್ಳಬೇಕು, ಫೋಲಿಕ್ ಆಮ್ಲ ಶುರುಮಾಡಬೇಕು. ಐದನೇ ತಿಂಗಳ ಸ್ಕ್ಯಾನಿನಲ್ಲಿ ಕೂಸಿನ ಹೃದಯವನ್ನು ವಿಶೇಷವಾಗಿ ನೋಡುವಂತೆ ಕೇಳಬೇಕು.

ಉಳಿದೆಲ್ಲರಿಗೂ ಭಾರತ ಸರಕಾರದ ಮಾರ್ಗಸೂಚಿಯಂತೆ ಒಂದು ಸರಳ ಪರೀಕ್ಷೆ ಇದೆ. ಸರಕಾರಿ ಆಸ್ಪತ್ರೆಗಳಲ್ಲಿ ಅದು ಉಚಿತ. ಖಾಲಿ ಹೊಟ್ಟೆಯಲ್ಲೇ ಹೋಗಬೇಕೆಂದಿಲ್ಲ. 75 ಗ್ರಾಂ ಗ್ಲೂಕೋಸ್ ಪುಡಿಯನ್ನು ಸುಮಾರು 300 ಮಿಲಿ ನೀರಿನಲ್ಲಿ ಕರಗಿಸಿ ಕೊಡುತ್ತಾರೆ. ಐದರಿಂದ ಹತ್ತು ನಿಮಿಷದೊಳಗೆ ಕುಡಿದು ಮುಗಿಸಬೇಕು. ಕುಡಿದ ಅರ್ಧ ಗಂಟೆಯೊಳಗೆ ವಾಂತಿಯಾದರೆ ಆ ದಿನದ ಪರೀಕ್ಷೆ ಲೆಕ್ಕಕ್ಕಿಲ್ಲ, ಮರುದಿನ ಮತ್ತೆ ಮಾಡಬೇಕು. ಅರ್ಧ ಗಂಟೆಯ ನಂತರ ವಾಂತಿಯಾದರೆ ಮುಂದುವರಿಸಬಹುದು. ಎರಡು ಗಂಟೆ ಅಲ್ಲೇ ಕೂತಿದ್ದು ಬೆರಳ ತುದಿಯ ರಕ್ತ ಕೊಡಬೇಕು. ಸಕ್ಕರೆ 140 ಮಿಲಿಗ್ರಾಂ ಅಥವಾ ಮೇಲಿದ್ದರೆ ಅದು ಗರ್ಭಾವಸ್ಥೆಯ ಮಧುಮೇಹ. ಮೊದಲ ತಪಾಸಣೆಯಲ್ಲಿ ಒಮ್ಮೆ, 24ರಿಂದ 28ನೇ ವಾರದಲ್ಲಿ ಇನ್ನೊಮ್ಮೆ ಈ ಪರೀಕ್ಷೆ ಆಗಬೇಕು. ತಪ್ಪಿಹೋಗುವುದು ಸಾಮಾನ್ಯವಾಗಿ ಎರಡನೆಯದು. ಮೊದಲ ಸಲ ‘ನಾರ್ಮಲ್’ ಬಂತೆಂದು ಬಿಟ್ಟುಬಿಡುತ್ತಾರೆ. ಮಾಸಿನ ಹಾರ್ಮೋನುಗಳು ಇನ್ಸುಲಿನ್‌ನ ಕೆಲಸಕ್ಕೆ ಅಡ್ಡಬರುವುದು ಆರನೇ ತಿಂಗಳ ನಂತರವೇ ಜಾಸ್ತಿ, ಆದ್ದರಿಂದ ಆ ಎರಡನೇ ಪರೀಕ್ಷೆಯನ್ನು ಮನೆಯವರೇ ನೆನಪಿಟ್ಟು ಕೇಳಿ ಮಾಡಿಸಬೇಕು.

ಶುಗರ್ ಬಂದಿದೆ ಎಂದಾಕ್ಷಣ ಊಟ ಬಿಡಿಸುವುದು ದೊಡ್ಡ ತಪ್ಪು. ಊಟವನ್ನು ಮೂರು ಊಟ, ಎರಡು-ಮೂರು ಕಿರುತಿಂಡಿಯಾಗಿ ಹಂಚಿಕೊಳ್ಳಬೇಕು. ಕಲಬುರಗಿಯ ಅಡುಗೆಮನೆಯಲ್ಲೇ ಇದಕ್ಕೆ ಬೇಕಾದದ್ದು ಇದೆ: ಜೋಳದ ರೊಟ್ಟಿ, ಸಜ್ಜೆ ರೊಟ್ಟಿ, ತೊಗರಿ ಬೇಳೆ, ಹೆಸರುಕಾಳು, ಪುಂಡಿ ಪಲ್ಯ, ಮೆಂತ್ಯ, ಮಜ್ಜಿಗೆ, ಶೇಂಗಾ ಹಿಂಡಿ. ರೊಟ್ಟಿಯ ಸಂಖ್ಯೆಗಿಂತ ಅದರ ಜೊತೆ ಬೇಳೆ, ಕಾಳು, ಪಲ್ಯ ಎಷ್ಟಿದೆ ಎಂಬುದನ್ನು ಮೊದಲು ನೋಡಬೇಕು. ಬಿಳಿ ಅನ್ನ, ಸಕ್ಕರೆ ಹಾಕಿದ ಚಹಾ, ಬಿಸ್ಕಿಟ್, ತಂಪು ಪಾನೀಯ ಕಡಿಮೆಯಾಗಬೇಕು. ಭೌಗೋಳಿಕ ಗುರುತು ಪಡೆದ ಕಮಲಾಪುರದ ಕೆಂಪು ಬಾಳೆಹಣ್ಣು ಬಸುರಿಗೆ ಒಳ್ಳೆಯದೆಂದು ಮನೆಯಲ್ಲಿ ಒತ್ತಾಯಿಸಿ ತಿನ್ನಿಸುವುದುಂಟು. ಶುಗರ್ ಇದ್ದವರು ಅದನ್ನು ಅರ್ಧ ಹಣ್ಣಿಗೆ ಮಿತಿಗೊಳಿಸಿ, ಊಟದ ಬೆನ್ನಿಗೇ ತಿನ್ನದೆ ಎರಡು ಊಟದ ನಡುವೆ ತಿನ್ನಬೇಕು. ಊಟದ ನಂತರ ಅಂಗಳದಲ್ಲೋ ಮಾಳಿಗೆಯ ಮೇಲೋ ಹದಿನೈದು-ಇಪ್ಪತ್ತು ನಿಮಿಷ ನಡೆದಾಡಿದರೆ ಸಕ್ಕರೆ ನಿಜಕ್ಕೂ ಇಳಿಯುತ್ತದೆ. ಎರಡು ವಾರ ಹೀಗೆ ಮಾಡಿಯೂ ಊಟದ ಎರಡು ಗಂಟೆಯ ನಂತರದ ಸಕ್ಕರೆ 120ರ ಒಳಗೆ ಬಾರದಿದ್ದರೆ ಮಾತ್ರೆ ಇಲ್ಲವೇ ಇನ್ಸುಲಿನ್ ಬೇಕಾಗುತ್ತದೆ. ಇನ್ಸುಲಿನ್ ಕೂಸಿಗೆ ದಾಟುವುದಿಲ್ಲ, ಒಮ್ಮೆ ಶುರುಮಾಡಿದರೆ ಜೀವನಪೂರ್ತಿ ತೆಗೆದುಕೊಳ್ಳಬೇಕೆಂಬುದೂ ನಿಜವಲ್ಲ. ಗರ್ಭಾವಸ್ಥೆಯ ಮಧುಮೇಹವಿರುವ ಬಹುತೇಕರಿಗೆ ಹೆರಿಗೆಯ ದಿನವೇ ಇನ್ಸುಲಿನ್ ನಿಂತುಹೋಗುತ್ತದೆ.

ಬಿಪಿ ಏರಿದಾಗ

ಇಪ್ಪತ್ತು ವಾರದ ನಂತರ ರಕ್ತದೊತ್ತಡ 140/90 ಮುಟ್ಟಿ, ಮೂತ್ರದಲ್ಲಿ ಪ್ರೊಟೀನ್ ಹೋಗತೊಡಗಿದರೆ ಅದನ್ನು ಪ್ರಿಎಕ್ಲಾಂಪ್ಸಿಯಾ ಎನ್ನುತ್ತಾರೆ. ಗರ್ಭಕೋಶದ ರಕ್ತನಾಳಗಳು ಸರಿಯಾಗಿ ಹಿಗ್ಗದೆ ಕೂಸಿಗೆ ರಕ್ತ ಸಾಲದಾಗುವುದು ಇದರ ಬೇರು. ಹೀಗಾಗಿ ಕೂಸು ತೂಕ ಹಿಡಿಯದೆ, ಅವಧಿಗೆ ಮುಂಚೆ ಹುಟ್ಟುವ ಸಂದರ್ಭ ಬರುತ್ತದೆ. ಅಂಥ ಮಕ್ಕಳಲ್ಲಿ ಶಾಲೆಯ ವಯಸ್ಸಿಗೇ ರಕ್ತದೊತ್ತಡ ಉಳಿದವರಿಗಿಂತ ಎರಡು-ಮೂರು ಅಂಕ ಮೇಲಿರುವುದನ್ನು ಹಲವು ದೇಶಗಳ ಅಧ್ಯಯನಗಳು ಕಂಡಿವೆ. ಒಂದು ಮಗುವಿಗೆ ಎರಡು ಅಂಕ ಏನೂ ಅಲ್ಲ ಎನಿಸಬಹುದು, ಆದರೆ ಅದು ವಯಸ್ಸಿನೊಂದಿಗೆ ಕೂಡುತ್ತಾ ಹೋಗುತ್ತದೆ. ಫಿನ್ಲೆಂಡಿನ ಹೆಲ್ಸಿಂಕಿಯಲ್ಲಿ 1934ರಿಂದ 1944ರ ನಡುವೆ ಹುಟ್ಟಿದವರನ್ನು ಮುಪ್ಪಿನವರೆಗೆ ಹಿಂಬಾಲಿಸಿದಾಗ, ತಾಯಿಗೆ ಪ್ರಿಎಕ್ಲಾಂಪ್ಸಿಯಾ ಇದ್ದವರಲ್ಲಿ ಪಾರ್ಶ್ವವಾಯು ಹೆಚ್ಚು ಕಂಡಿತು.

ಮೊದಲ ಬಸಿರು, ಅವಳಿ ಮಕ್ಕಳು, ಹಿಂದಿನ ಬಸಿರಿನಲ್ಲಿ ಬಿಪಿ, ಮೊದಲೇ ಇದ್ದ ಬಿಪಿ, ಸಕ್ಕರೆ ಅಥವಾ ಮೂತ್ರಪಿಂಡದ ಕಾಯಿಲೆ, ತೀರಾ ಚಿಕ್ಕ ಅಥವಾ ಮೂವತ್ತೈದು ದಾಟಿದ ವಯಸ್ಸು ಇವು ಎಚ್ಚರಿಕೆಯ ಗುರುತುಗಳು. ಹೆಚ್ಚಿನ ಅಪಾಯವಿರುವವರಿಗೆ 12ರಿಂದ 16ನೇ ವಾರದ ನಡುವೆ ಸಣ್ಣ ಪ್ರಮಾಣದ ಆಸ್ಪಿರಿನ್ ಶುರುಮಾಡಿದರೆ ಪ್ರಿಎಕ್ಲಾಂಪ್ಸಿಯಾ ಕಡಿಮೆಯಾಗುತ್ತದೆ. ಅದನ್ನು ವೈದ್ಯರೇ ನಿರ್ಧರಿಸಬೇಕು, ಅಂಗಡಿಯಿಂದ ತಂದು ನುಂಗುವಂತಿಲ್ಲ. ನಾಲ್ಕನೇ ತಿಂಗಳಿನಿಂದ ದಿನಕ್ಕೆ ಎರಡು ಸಲ ಕೊಡುವ ಕ್ಯಾಲ್ಸಿಯಂ ಮಾತ್ರೆಯ ಉದ್ದೇಶಗಳಲ್ಲಿ ಪ್ರಿಎಕ್ಲಾಂಪ್ಸಿಯಾ ತಡೆಯುವುದೂ ಒಂದು. ಬರೀ ಮೂಳೆಗೆಂದು ತಿಳಿದು ಅರ್ಧದಲ್ಲಿ ನಿಲ್ಲಿಸುವವರು ಬಹಳ.

ತಡೆಯಲಾರದ ತಲೆನೋವು, ಕಣ್ಣು ಮಂಜಾಗುವುದು, ಎದೆಗುಂಡಿಗೆಯ ಕೆಳಗೆ ಹೊಟ್ಟೆನೋವು, ಮುಖ ಒಮ್ಮೆಲೇ ಬಾತುಕೊಳ್ಳುವುದು ಕಂಡರೆ ಬೆಳಗಾಗುವವರೆಗೆ ಕಾಯಬಾರದು. 108ಕ್ಕೆ ಕರೆಮಾಡಿ ಹೊರಡಬೇಕು. ಕಮಲಾಪುರದಿಂದ ಕಲಬುರಗಿಗೆ ಸುಮಾರು ನಲವತ್ತು ಕಿಲೋಮೀಟರ್ ದೂರ. ಸ್ಥಳೀಯ ಆಸ್ಪತ್ರೆಯಲ್ಲಿ ಮೆಗ್ನೀಸಿಯಂ ಸಲ್ಫೇಟ್ ಇಂಜೆಕ್ಷನ್ ಕೊಡಿಸಿಕೊಂಡು ಕಲಬುರಗಿಯ ಜಿಮ್ಸ್‌ನಂಥ ದೊಡ್ಡ ಆಸ್ಪತ್ರೆಗೆ ಹೋದರೆ ದಾರಿಯಲ್ಲಿ ಫಿಟ್ಸ್ ಬರುವುದನ್ನು ತಪ್ಪಿಸಬಹುದು.

ರಕ್ತಹೀನತೆ ಮತ್ತು ಬಿ12

ಕಲ್ಯಾಣ ಕರ್ನಾಟಕದ ಗರ್ಭಿಣಿಯರಲ್ಲಿ ಎಲ್ಲಕ್ಕಿಂತ ಹೆಚ್ಚಾಗಿ ಕಾಣುವುದು ರಕ್ತಹೀನತೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ ಗರ್ಭಿಣಿಯರಲ್ಲಿ ಅರ್ಧಕ್ಕಿಂತ ಹೆಚ್ಚು, ಅಂದರೆ ನೂರಕ್ಕೆ 52 ಮಂದಿ ರಕ್ತಹೀನತೆಯವರು. ಹಿಮೋಗ್ಲೋಬಿನ್ 11ಕ್ಕಿಂತ ಕಡಿಮೆ ಇದ್ದರೆ ರಕ್ತಹೀನತೆ, 7ಕ್ಕಿಂತ ಕಡಿಮೆ ಇದ್ದರೆ ತೀವ್ರ.

ಮಗು ತನ್ನ ಮೊದಲ ಆರು ತಿಂಗಳಿಗೆ ಬೇಕಾದ ಕಬ್ಬಿಣವನ್ನು ಹುಟ್ಟುವ ಮೊದಲೇ, ಅದರಲ್ಲೂ ಕೊನೆಯ ಮೂರು ತಿಂಗಳಲ್ಲಿ ಕೂಡಿಟ್ಟುಕೊಳ್ಳುತ್ತದೆ. ಎದೆಹಾಲಿನಲ್ಲಿ ಕಬ್ಬಿಣ ಬಹಳ ಇರುವುದಿಲ್ಲ. ತಾಯಿಯಲ್ಲೇ ಇಲ್ಲದಿದ್ದರೆ ಕೂಸಿನ ಕೂಡಿಕೆಯೂ ಕಡಿಮೆ. ಆರು ತಿಂಗಳಿನಿಂದ ಎರಡು ವರ್ಷದ ನಡುವೆ ಮೆದುಳಿನ ನರಗಳು ಹೆಣೆದುಕೊಳ್ಳುವಾಗ ಕಬ್ಬಿಣ ಸಾಲದಿದ್ದರೆ ಗಮನ, ಕಲಿಕೆ, ನೆನಪಿನ ಮೇಲೆ ಪರಿಣಾಮವಾಗುತ್ತದೆ, ಮತ್ತು ನಂತರ ಎಷ್ಟೇ ಟಾನಿಕ್ ಕೊಟ್ಟರೂ ಅದು ಪೂರ್ತಿ ಸರಿಹೋಗದಿರಬಹುದು. ಇದಲ್ಲದೆ ರಕ್ತಹೀನ ತಾಯಿಯ ಮಗು ಕಡಿಮೆ ತೂಕದಲ್ಲಿ, ಅವಧಿಗೆ ಮುಂಚೆ ಹುಟ್ಟುವುದು ಹೆಚ್ಚು.

ನಾಲ್ಕನೇ ತಿಂಗಳಿನಿಂದ ಕನಿಷ್ಠ 180 ದಿನ ಕಬ್ಬಿಣ-ಫೋಲಿಕ್ ಆಮ್ಲದ ಮಾತ್ರೆ, ಹೆರಿಗೆಯಾದ ಮೇಲೂ 180 ದಿನ: ಇದು ಸರಕಾರದ ಲೆಕ್ಕ. ರಕ್ತ ಕಡಿಮೆ ಇದ್ದರೆ ದಿನಕ್ಕೆ ಎರಡು. ಮಾತ್ರೆ ಮನೆಗೆ ಬರುತ್ತದೆ, ಆದರೆ ಹೊಟ್ಟೆಗೆ ಸೇರುವುದು ಅನುಮಾನ. ಮಾತ್ರೆ ನುಂಗಿದರೆ ಕೂಸು ಕಪ್ಪಾಗುತ್ತದೆ, ದೊಡ್ಡದಾಗಿ ಹೆರಿಗೆ ಕಷ್ಟವಾಗುತ್ತದೆ ಎಂಬ ಮಾತು ಇನ್ನೂ ಕೇಳಿಬರುತ್ತದೆ. ಎರಡಕ್ಕೂ ಆಧಾರವಿಲ್ಲ. ಮಲ ಕಪ್ಪಾಗುವುದು ದೇಹ ಹೀರಿಕೊಳ್ಳದೆ ಉಳಿದ ಕಬ್ಬಿಣದಿಂದ ಆಗುವ ಸಹಜ ಬದಲಾವಣೆ. ಓಕರಿಕೆ ಬಂದರೆ ರಾತ್ರಿ ಮಲಗುವ ಮೊದಲು ನುಂಗಬಹುದು. ಚಹಾ, ಹಾಲು, ಕ್ಯಾಲ್ಸಿಯಂ ಮಾತ್ರೆಯ ಜೊತೆ ನುಂಗಿದರೆ ದೇಹ ಕಬ್ಬಿಣವನ್ನು ಸರಿಯಾಗಿ ಹೀರಿಕೊಳ್ಳುವುದಿಲ್ಲ, ಕನಿಷ್ಠ ಎರಡು ಗಂಟೆ ಅಂತರವಿರಬೇಕು. ಊಟ ಮುಗಿಸಿ ಕೈತೊಳೆದ ಕೂಡಲೇ ಚಹಾ ಕುಡಿಯುವ ಅಭ್ಯಾಸ ಈ ಭಾಗದಲ್ಲಿ ಬಲವಾಗಿದೆ, ಪುಂಡಿ ಪಲ್ಯದ ಕಬ್ಬಿಣವನ್ನೂ ಅದು ಹಾಳುಮಾಡುತ್ತದೆ. ಅದರ ಬದಲು ಊಟದ ಜೊತೆ ನಿಂಬೆ ಹಿಂಡಿಕೊಂಡರೆ, ಪೇರಲ ಅಥವಾ ನೆಲ್ಲಿಕಾಯಿ ತಿಂದರೆ ಹೀರಿಕೊಳ್ಳುವಿಕೆ ಹೆಚ್ಚುತ್ತದೆ. ಎರಡನೇ ತ್ರೈಮಾಸಿಕದಲ್ಲಿ ಒಂದು ಜಂತುಹುಳು ಮಾತ್ರೆ ತಪ್ಪಿಸಬಾರದು. ಒಂದು ತಿಂಗಳು ಮಾತ್ರೆ ನುಂಗಿಯೂ ಹಿಮೋಗ್ಲೋಬಿನ್ ಏರದಿದ್ದರೆ, ಇಲ್ಲವೇ ದಿನ ಹತ್ತಿರ ಬಂದಿದ್ದರೆ, ರಕ್ತನಾಳದ ಮೂಲಕ ಕಬ್ಬಿಣ ಕೊಡಬಹುದು.

ಹೆರಿಗೆಯಲ್ಲೂ ಒಂದು ಸುಲಭ ಉಪಾಯವಿದೆ. ಮಗು ಹುಟ್ಟಿದ ಮೇಲೆ ಹೊಕ್ಕುಳಬಳ್ಳಿಯನ್ನು ತಕ್ಷಣ ಕತ್ತರಿಸದೆ ಒಂದರಿಂದ ಮೂರು ನಿಮಿಷ ಬಿಟ್ಟರೆ ಅದರೊಳಗಿನ ರಕ್ತ ಮಗುವಿಗೆ ಇಳಿಯುತ್ತದೆ. ಅದರಲ್ಲಿ ಬರುವ ಕಬ್ಬಿಣ ಮುಂದಿನ ಹಲವು ತಿಂಗಳಿಗೆ ಆಗುತ್ತದೆ. ಆರು ತಿಂಗಳ ನಂತರ ಮಗುವಿಗೆ ವಾರಕ್ಕೆ ಎರಡು ಸಲ ಕಬ್ಬಿಣದ ಸಿರಪ್ ಆಶಾ ಕಾರ್ಯಕರ್ತೆಯ ಬಳಿ ಸಿಗುತ್ತದೆ. ಕಡಿಮೆ ತೂಕದ ಮಗುವಿಗೆ ಇನ್ನೂ ಬೇಗ ಶುರುಮಾಡಬೇಕು.

ಕಬ್ಬಿಣದಷ್ಟು ಮಾತಿಗೆ ಬಾರದ ಕೊರತೆ ವಿಟಮಿನ್ ಬಿ12ರದು. ಇದು ಹಾಲು, ಮೊಸರು, ಮೊಟ್ಟೆ, ಮೀನು, ಮಾಂಸದಲ್ಲಿ ಮಾತ್ರ ಇರುತ್ತದೆ. ಕಾಳು, ತರಕಾರಿಯಲ್ಲಿ ಇಲ್ಲ. ಸಸ್ಯಾಹಾರದ ಮನೆಗಳಲ್ಲಿ, ಹಾಲೂ ಸಾಕಷ್ಟು ಸಿಗದ ಕಡೆ, ಕೊರತೆ ಸಾಮಾನ್ಯ. ಮೈಸೂರಿನ ಪಾರ್ಥೆನಾನ್ ಅಧ್ಯಯನದಲ್ಲಿ ಗರ್ಭಿಣಿಯರಲ್ಲಿ ನೂರಕ್ಕೆ ನಲವತ್ತಕ್ಕೂ ಹೆಚ್ಚು ಮಂದಿಗೆ ಬಿ12 ಕಡಿಮೆ ಇತ್ತು, ಮತ್ತು ಅಂಥವರಲ್ಲಿ ಬಸಿರಿನ ಶುಗರ್ ಹೆಚ್ಚಿತ್ತು. ಪುಣೆಯ ಕೆಇಎಂ ಆಸ್ಪತ್ರೆಯ ಚಿತ್ತರಂಜನ್ ಯಾಜ್ಞಿಕ್ ಅವರ ತಂಡ ಅಲ್ಲಿನ ಹಳ್ಳಿಗಳಲ್ಲಿ ಇನ್ನೊಂದು ಮಾತು ಕಂಡಿತು: ಬಿ12 ಕಡಿಮೆಯಿದ್ದು ಫೋಲೇಟ್ ಹೆಚ್ಚಿದ್ದ ತಾಯಂದಿರ ಮಕ್ಕಳು ಆರನೇ ವಯಸ್ಸಿಗೆ ಇನ್ಸುಲಿನ್‌ಗೆ ಹೆಚ್ಚು ಜಗ್ಗದವರಾಗಿದ್ದರು. ಭಾರತದ ಕೂಸುಗಳು ತೂಕದಲ್ಲಿ ಕಡಿಮೆ, ಆದರೆ ಒಳಗೆ ಕೊಬ್ಬು ಕಡಿಮೆಯಿಲ್ಲ ಎಂದು ತೋರಿಸಿದ್ದೂ ಅದೇ ತಂಡ. ಬಿ12 ತೀರಾ ಇಲ್ಲದ ತಾಯಿಯ ಎದೆಹಾಲನ್ನಷ್ಟೇ ಕುಡಿಯುವ ಮಗುವಿನಲ್ಲಿ ಆರು ತಿಂಗಳ ನಂತರ ನಗು ನಿಂತು, ಕೂರುವುದನ್ನು ಮರೆತು, ಕೈಕಾಲು ನಡುಗುವ ಸ್ಥಿತಿಯೂ ಬರುತ್ತದೆ. ಬೇಗ ಗುರುತಿಸಿ ಇಂಜೆಕ್ಷನ್ ಕೊಟ್ಟರೆ ಬಹಳಷ್ಟು ಸರಿಹೋಗುತ್ತದೆ. ಫೋಲಿಕ್ ಆಮ್ಲ ನಿಲ್ಲಿಸುವುದು ಇದಕ್ಕೆ ಉತ್ತರವಲ್ಲ, ಬಿ12 ಸೇರಿಸಬೇಕು. ದಿನಕ್ಕೆರಡು ಲೋಟ ಹಾಲು ಅಥವಾ ಮಜ್ಜಿಗೆ-ಮೊಸರು, ತಿನ್ನುವವರಿಗೆ ಮೊಟ್ಟೆ, ಕೊರತೆಯಿದ್ದರೆ ವೈದ್ಯರು ಹೇಳಿದ ಮಾತ್ರೆ. ಮಾತೃಪೂರ್ಣ ಯೋಜನೆಯಲ್ಲಿ 2017ರಿಂದ ಗರ್ಭಿಣಿ ಮತ್ತು ಬಾಣಂತಿಯರಿಗೆ ಅಂಗನವಾಡಿಯಲ್ಲಿ ಕೊಡುವ ಬಿಸಿಯೂಟ, ಹಾಲು, ಮೊಟ್ಟೆ ಈ ದೃಷ್ಟಿಯಿಂದ ಬಹಳ ಬೆಲೆಯುಳ್ಳದ್ದು. ಅಂಗನವಾಡಿಗೆ ಹೋಗಿ ಉಣ್ಣುವುದು ಮರ್ಯಾದೆಗೆ ಕಡಿಮೆ ಎಂದು ಸೊಸೆಯನ್ನು ಮನೆಯಲ್ಲೇ ಕೂರಿಸುವ ಅತ್ತೆಯಂದಿರು ಇದನ್ನು ತಿಳಿಯಬೇಕು.

ಥೈರಾಯ್ಡ್, ಸೋಂಕು, ತಂಬಾಕು, ಬಿಸಿಲು

ಮೊದಲ ಮೂರು ತಿಂಗಳು ಕೂಸಿಗೆ ಸ್ವಂತ ಥೈರಾಯ್ಡ್ ಹಾರ್ಮೋನು ಇರುವುದಿಲ್ಲ, ತಾಯಿಯದೇ ಆಧಾರ. ತಾಯಿಗೆ ತೀವ್ರ ಕೊರತೆಯಿದ್ದರೆ ಮಗುವಿನ ಬುದ್ಧಿಯ ಬೆಳವಣಿಗೆಗೆ ಪೆಟ್ಟು ಬೀಳಬಹುದು. ಮೊದಲೇ ಥೈರಾಕ್ಸಿನ್ ಮಾತ್ರೆ ತೆಗೆದುಕೊಳ್ಳುವವರು ಬಸಿರಾದದ್ದು ಗೊತ್ತಾದ ಕೂಡಲೇ ವೈದ್ಯರನ್ನು ಕಾಣಬೇಕು, ಸಾಮಾನ್ಯವಾಗಿ ಪ್ರಮಾಣ ಹೆಚ್ಚಿಸಬೇಕಾಗುತ್ತದೆ. ಅಯೋಡಿನ್ ಉಪ್ಪು ಬಿಡಬಾರದು.

ಸೋಂಕುಗಳಲ್ಲಿ ಹೆಪಟೈಟಿಸ್ ಬಿ ವಿಶೇಷವಾಗಿ ಹೇಳಬೇಕಾದದ್ದು. ಹೆರಿಗೆಯಲ್ಲಿ ತಾಯಿಯಿಂದ ಸೋಂಕು ತಗಲಿದ ಶಿಶುಗಳಲ್ಲಿ ಹತ್ತಕ್ಕೆ ಒಂಬತ್ತರಲ್ಲಿ ಅದು ಜೀವನವಿಡೀ ಉಳಿಯುತ್ತದೆ, ಕೆಲವರಲ್ಲಿ ದಶಕಗಳ ನಂತರ ಯಕೃತ್ತಿನ ಕ್ಯಾನ್ಸರಿಗೂ ದಾರಿಯಾಗುತ್ತದೆ. ಹುಟ್ಟಿದ 24 ಗಂಟೆಯೊಳಗಿನ ಲಸಿಕೆ, ಸೋಂಕಿತ ತಾಯಿಯ ಮಗುವಿಗೆ ಅದರೊಂದಿಗೆ ಇಮ್ಯುನೋಗ್ಲೋಬ್ಯುಲಿನ್ ಕೊಟ್ಟರೆ ಇದನ್ನು ಬಹುತೇಕ ತಡೆಯಬಹುದು. ಸಿಫಿಲಿಸ್ ಮತ್ತು ಎಚ್‌ಐವಿ ಪರೀಕ್ಷೆಯೂ ಮೊದಲ ಭೇಟಿಯಲ್ಲೇ ಆಗಬೇಕು. ಎರಡಕ್ಕೂ ಮಗುವನ್ನು ಉಳಿಸುವ ಚಿಕಿತ್ಸೆ ಇದೆ. ರುಬೆಲ್ಲಾ ಬಸಿರಿನ ಮೊದಲ ತಿಂಗಳುಗಳಲ್ಲಿ ಬಂದರೆ ಮಗುವಿಗೆ ಕಣ್ಣಪೊರೆ, ಕಿವುಡು, ಹೃದಯದ ದೋಷ ತರುತ್ತದೆ. ಅದರ ಲಸಿಕೆಯನ್ನು ಬಸಿರಿಗೆ ಮುಂಚೆಯೇ ಹಾಕಿಸಿಕೊಂಡಿರಬೇಕು, ಬಸಿರಿನಲ್ಲಿ ಹಾಕುವಂತಿಲ್ಲ.

ಗುಟಕಾ, ತಂಬಾಕು, ಹಲ್ಲುಜ್ಜುವ ಮಿಶ್ರಿ ಹೊಗೆಯಿಲ್ಲದ್ದಾದರೂ ಅದರ ನಿಕೋಟಿನ್ ಕೂಸಿಗೆ ಹೋಗುವ ರಕ್ತವನ್ನು ಕಡಿಮೆ ಮಾಡುತ್ತದೆ, ಮಗುವಿನ ತೂಕ ಇಳಿಯುತ್ತದೆ. ಒಲೆಯ ಹೊಗೆಯೂ ಹಾಗೆಯೇ. ಏಪ್ರಿಲ್-ಮೇ ತಿಂಗಳ ಕಲಬುರಗಿಯ ಬಿಸಿಲು ಅವಧಿಪೂರ್ವ ಹೆರಿಗೆಗೆ ಕಾರಣಗಳಲ್ಲೊಂದು. ಕೂಲಿಗೆ, ತೊಗರಿ ಹೊಲಕ್ಕೆ, ಕಟ್ಟಡದ ಕೆಲಸಕ್ಕೆ ಹೋಗುವ ಗರ್ಭಿಣಿಗೆ ನಡುಮಧ್ಯಾಹ್ನದ ದುಡಿಮೆ ತಪ್ಪಿಸುವುದು, ನೆರಳು, ಮಜ್ಜಿಗೆ, ನೀರು ಒದಗಿಸುವುದು ಔಷಧಿಯಷ್ಟೇ ಮುಖ್ಯ.

ತಾಯಿ ಕಾರ್ಡ್ ಮತ್ತು ತವರುಮನೆ

ತಪಾಸಣೆ ಶುರುವಾದ ದಿನ ಕೈಗೆ ಬರುವ ತಾಯಿ ಕಾರ್ಡ್ ಮಗುವಿನ ಮೊದಲ ಆರೋಗ್ಯ ದಾಖಲೆ. ಪ್ರತಿ ಭೇಟಿಯ ನಂತರ ಅದರಲ್ಲಿ ತೂಕ, ಬಿಪಿ, ಹಿಮೋಗ್ಲೋಬಿನ್, ಮೂತ್ರದ ಪ್ರೊಟೀನ್, ಸಕ್ಕರೆಯ ಅಂಕಿ ಬರೆದಿದ್ದಾರೆಯೇ ಎಂದು ನೋಡಿಕೊಳ್ಳಬೇಕು, ಬರೆಯದಿದ್ದರೆ ಅಲ್ಲೇ ಕೇಳಬೇಕು. ಪ್ರತಿ ತಿಂಗಳ 9ನೇ ತಾರೀಖು ಸರಕಾರಿ ಆಸ್ಪತ್ರೆಗಳಲ್ಲಿ ಪ್ರಧಾನಮಂತ್ರಿ ಸುರಕ್ಷಿತ ಮಾತೃತ್ವ ಅಭಿಯಾನದ ದಿನ. ನಾಲ್ಕನೇ ತಿಂಗಳಿನಿಂದ ಮುಂದಿನ ಗರ್ಭಿಣಿಯರನ್ನು ಅಂದು ವೈದ್ಯರೇ ಉಚಿತವಾಗಿ ನೋಡುತ್ತಾರೆ.

ಕಷ್ಟವಿರುವುದು ಏಳನೇ ತಿಂಗಳಿನಲ್ಲಿ. ಕುಬಸ ಮಾಡಿ ಹೆಣ್ಣುಮಗಳನ್ನು ತವರಿಗೆ ಕಳಿಸುವಾಗ ಸೀರೆ, ಬುತ್ತಿ ಎಲ್ಲವೂ ಹೋಗುತ್ತದೆ, ಎಷ್ಟೋ ಸಲ ಕಾರ್ಡು ಮಾತ್ರ ಗಂಡನ ಮನೆಯಲ್ಲೇ ಉಳಿಯುತ್ತದೆ. ತವರಿನ ಊರಿನ ನರ್ಸ್‌ಗೆ ಆರನೇ ತಿಂಗಳಲ್ಲಿ ಬಿಪಿ ಎಷ್ಟಿತ್ತೆಂದು ತಿಳಿಯುವ ದಾರಿಯಿಲ್ಲ. ಕೆಲಸಕ್ಕಾಗಿ ಮುಂಬೈ, ಪುಣೆ, ಹೈದರಾಬಾದಿಗೆ ಗುಳೆ ಹೋಗುವ ತಾಂಡಾದ ಕುಟುಂಬಗಳಲ್ಲೂ ಇದೇ ಕಥೆ. ಕಾರ್ಡಿನ ಎಲ್ಲ ಪುಟಗಳ ಫೋಟೋ ಗಂಡ-ಹೆಂಡತಿ ಇಬ್ಬರ ಮೊಬೈಲಿನಲ್ಲೂ ಇದ್ದರೆ, ಹೋದ ಊರಿನ ಆಶಾ ಕಾರ್ಯಕರ್ತೆಗೆ ಮೊದಲ ವಾರದಲ್ಲೇ ತಿಳಿಸಿದರೆ ಈ ಕಂದಕ ಮುಚ್ಚುತ್ತದೆ.

ಹೆರಿಗೆಯ ನಂತರ

ಶುಗರ್ ಇದ್ದ ತಾಯಿ ಆರು ವಾರಕ್ಕೆ ಮತ್ತೆ 75 ಗ್ರಾಂ ಗ್ಲೂಕೋಸ್ ಪರೀಕ್ಷೆ ಮಾಡಿಸಬೇಕು, ಈ ಸಲ ಖಾಲಿ ಹೊಟ್ಟೆಯಲ್ಲಿ. ನಂತರ ವರ್ಷಕ್ಕೊಮ್ಮೆ. ಬಾಣಂತನದ ಗಡಿಬಿಡಿಯಲ್ಲಿ ಇದು ತಪ್ಪಿಹೋಗುವುದೇ ಹೆಚ್ಚು. ಮಗುವಿನ ಒಂದೂವರೆ ತಿಂಗಳ ಲಸಿಕೆಯ ದಿನಕ್ಕೇ ಹೊಂದಿಸಿಕೊಂಡರೆ ಒಂದೇ ಓಡಾಟದಲ್ಲಿ ಎರಡೂ ಆಗುತ್ತದೆ. ಬಿಪಿ ಇದ್ದವರೂ ಹೆರಿಗೆಯ ನಂತರ ಬಿಪಿ ನೋಡಿಸಿಕೊಳ್ಳುವುದನ್ನು ನಿಲ್ಲಿಸಬಾರದು.

ಆರು ತಿಂಗಳು ಬರೀ ಎದೆಹಾಲು, ನಂತರ ಮೇಲಾಹಾರದೊಂದಿಗೆ ಎರಡು ವರ್ಷದವರೆಗೆ ಎದೆಹಾಲು. ಶುಗರ್ ಇದ್ದ ತಾಯಿಯ ಮಗುವಿಗೆ ಮುಂದೆ ಬೊಜ್ಜು ಬರುವ ಸಾಧ್ಯತೆಯನ್ನು ಇದು ಕಡಿಮೆ ಮಾಡುತ್ತದೆ, ತಾಯಿಗೆ ಸಕ್ಕರೆ ಕಾಯಿಲೆ ಬರುವುದನ್ನೂ ಮುಂದೂಡುತ್ತದೆ. ಎರಡು ಕಿಲೋ ಒಳಗಿನ ಮಗುವನ್ನು ಎದೆಗೆ ಅಪ್ಪಿಕೊಂಡು ಬೆಚ್ಚಗಿಡುವ ಕಾಂಗರೂ ಆರೈಕೆ ಆಸ್ಪತ್ರೆಯಲ್ಲೂ ಮನೆಯಲ್ಲೂ ನಡೆಯಬೇಕು.

ಸಣ್ಣದಾಗಿ ಹುಟ್ಟಿದ ಮಗುವನ್ನು ದಪ್ಪ ಮಾಡಬೇಕೆಂಬ ಮನೆಯ ಆತುರ ಎರಡನೇ ವಯಸ್ಸಿನ ನಂತರ ಅಪಾಯಕಾರಿ. 1969ರಿಂದ 1972ರ ನಡುವೆ ಹುಟ್ಟಿದ ಸುಮಾರು ಒಂದೂವರೆ ಸಾವಿರ ಮಂದಿಯನ್ನು ದೆಹಲಿಯಲ್ಲಿ ಮೂವತ್ತರ ಆಸುಪಾಸಿನವರೆಗೆ ಅಳೆದ ಅಧ್ಯಯನದ ಫಲಿತಾಂಶ 2004ರಲ್ಲಿ ಬಂತು. ಶೈಶವದಲ್ಲಿ ತೆಳ್ಳಗಿದ್ದು ಎರಡು ವರ್ಷದ ನಂತರ ಎತ್ತರಕ್ಕಿಂತ ವೇಗವಾಗಿ ತೂಕ ಏರಿಸಿಕೊಂಡವರಲ್ಲೇ ಸಕ್ಕರೆ ಕಾಯಿಲೆ ಮತ್ತು ಅದರ ಮುನ್ನಸ್ಥಿತಿ ಹೆಚ್ಚಿತ್ತು. ಅವರಲ್ಲಿ ಬಹಳ ಮಂದಿ ಬಾಲ್ಯದಲ್ಲಿ ದಪ್ಪ ಎನ್ನುವಷ್ಟು ದಪ್ಪವೂ ಇರಲಿಲ್ಲ. ಮೊದಲ ಎರಡು ವರ್ಷ ಚೆನ್ನಾಗಿ ತೂಕ ಬರಲಿ, ಆಮೇಲೆ ಅಂಗನವಾಡಿಯ ಬೆಳವಣಿಗೆ ಪಟ್ಟಿಯಲ್ಲಿ ಎತ್ತರ-ತೂಕ ಒಟ್ಟಿಗೆ ಏರುತ್ತಿವೆಯೇ ಎಂದು ನೋಡಬೇಕು. ಚಿಪ್ಸ್, ಬಿಸ್ಕಿಟ್, ಪ್ಯಾಕೆಟ್ ಜ್ಯೂಸ್ ಮನೆಗೆ ತರದಿರುವುದು, ದಿನಾ ಹೊರಗೆ ಆಡಬಿಡುವುದು ಇಂಥ ಮಗುವಿಗೆ ಉಳಿದವರಿಗಿಂತ ಹೆಚ್ಚು ಬೇಕು.

ಬಸಿರಿನಲ್ಲಿ ಬಿಪಿ ಇದ್ದ ತಾಯಿಯ ಅಥವಾ ಅವಧಿಗೆ ಮುಂಚೆ, ಕಡಿಮೆ ತೂಕದಲ್ಲಿ ಹುಟ್ಟಿದ ಮಗುವಿಗೆ ಮೂರನೇ ವಯಸ್ಸಿನಿಂದ ವರ್ಷಕ್ಕೊಮ್ಮೆ ರಕ್ತದೊತ್ತಡ ನೋಡಿಸಬೇಕು. ಮಕ್ಕಳಿಗೆ ಚಿಕ್ಕ ಪಟ್ಟಿ ಕಟ್ಟಿಯೇ ನೋಡಬೇಕು, ದೊಡ್ಡವರ ಪಟ್ಟಿಯಲ್ಲಿ ಅಂಕಿ ತಪ್ಪುತ್ತದೆ. ಶುಗರ್ ಇದ್ದ ತಾಯಿಯ ಮಗು ತೂಕ ಹೆಚ್ಚಿದ್ದರೆ ಹತ್ತನೇ ವಯಸ್ಸಿಗೆ ಅಥವಾ ಮೈನೆರೆಯುವ ಹೊತ್ತಿಗೆ, ಯಾವುದು ಮೊದಲೋ ಅಂದಿನಿಂದ ಸಕ್ಕರೆ ಪರೀಕ್ಷೆ ಶುರುವಾಗಬೇಕು. ಶಾಲೆಗೆ ಬರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಕ್ಕೆ ತಾಯಿಯ ಬಸಿರಿನ ವಿಷಯವನ್ನು ಚೀಟಿಯಲ್ಲಿ ಬರೆದುಕಳಿಸಿದರೆ ಅವರು ಆ ಮಗುವನ್ನು ಬೇರೆಯಾಗಿ ಗಮನಿಸಬಲ್ಲರು. ಆ ಮಗು ಹೆಣ್ಣಾಗಿದ್ದರೆ ಮದುವೆಯಾಗಿ ಬಸಿರಾಗಬೇಕೆಂದಾಗ, ಮಗುವಿಗಾಗಿ ಪ್ರಯತ್ನಿಸುವ ಮೊದಲೇ ಸಕ್ಕರೆ, ಬಿಪಿ, ಹಿಮೋಗ್ಲೋಬಿನ್ ನೋಡಿಸಿಕೊಂಡು ಫೋಲಿಕ್ ಆಮ್ಲ ಶುರುಮಾಡಬೇಕು, ಮೊದಲ ತಪಾಸಣೆಯಲ್ಲೇ ತನ್ನ ತಾಯಿಯ ಹಳೆಯ ಕಾರ್ಡನ್ನು ವೈದ್ಯರ ಮುಂದಿಡಬೇಕು.